ಎರಡು ನಿಮಿಷ ಹನ್ನೊಂದು ಸೆಕೆಂಡು

ಮೂಡಲಪಾಳ್ಯ, ಬೆಂಗಳೂರು
12 ಆಗಸ್ಟ್ 2007

ಕರಿಬಸಪ್ಪ ಮಾವನಿಗೆ ಭುವನೇಶ್ವರಿ ಮಾಡುವ ನಮಸ್ಕಾರ.

ಅವ್ವ ಆರಾಮಿದ್ದಾಳೆ. ರೊಟ್ಟಿ ಬಡಿಯುವ ಸದ್ದಿಗೆ ಜಗಳ ತೆಗೆಯುತ್ತಿದ್ದ ಮೇಲಿನ ಮನೆಯವರು ಈಗ ತಾವೇ ದಿನಕ್ಕೆ ಹತ್ತು ರೊಟ್ಟಿ ಕೊಳ್ಳುತ್ತಾರೆ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀವೇ ಊಹಿಸಿಕೊಳ್ಳುತ್ತೀರಿ. ಇಪ್ಪತ್ತು ವರ್ಷ ಮದುವೆ ಬ್ಯಾಂಡಿನ ಪಕ್ಕ ನಿಂತು ವಿಡಿಯೊ ತೆಗೆದ ಕಿವಿಗಳು. ಈ ವಿಷಯವನ್ನು ಊಹಿಸಿಕೊಂಡರೆ ನಡೆಯುವುದಿಲ್ಲ, ಅದಕ್ಕೇ ಕಾಗದ.

ನಾನು ಅಂಜಿನಯ್ಯನವರ ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿರುವುದು ನಿಮಗೆ ಗೊತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಲ್ಲಿ ಗಿರಾಕಿ ಇರುವುದಿಲ್ಲ. ಆ ಹೊತ್ತಿನಲ್ಲಿ ಆರನೇ ನಂಬರಿನ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡುತ್ತೇನೆ. ಎರಡು ವರ್ಷದಿಂದ ಆಡುತ್ತಿದ್ದೇನೆ. ನಿಜವಾದ ಸೈಕಲ್ಲನ್ನೂ ನೆಟ್ಟಗೆ ಹೊಡೆಯಲು ಬಾರದವಳು ನಾನು. ಆದರೆ ಆ ಆಟದಲ್ಲಿ ಗುಡ್ಡದ ರಸ್ತೆ ಅಂತ ಒಂದಿದೆ. ಹದಿನೇಳು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅದರಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತೇನೆ.

ರಾಜಾಜಿನಗರದಲ್ಲಿ ‘ಚಕ್ರ’ ಅಂತ ದೊಡ್ಡ ಗೇಮ್ ಸೆಂಟರ್ ಇದೆ. ಯಜಮಾನರ ಹೆಸರು ಪುರುಷೋತ್ತಮ. ಅವರು ನವೆಂಬರ್ ನಾಲ್ಕಕ್ಕೆ ಈ ಗುಡ್ಡದ ರಸ್ತೆಯ ಪಂದ್ಯ ಇಟ್ಟಿದ್ದಾರೆ. ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಎಲ್ಲ ಕಡೆಯ ಸೈಬರಿನವರೂ ತಮ್ಮಲ್ಲಿ ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರು ಅಂತ ಚೀಟಿ ಬರೆದು, ಸಹಿ ಹಾಕಿ ಕಳಿಸಬೇಕು. ಬೇಗ ಮುಗಿಸಿದ ಹದಿನಾರು ಜನಕ್ಕೆ ಪಂದ್ಯದಲ್ಲಿ ಜಾಗ. ಅವರ ಗೋಡೆಯ ಮೇಲಿನ ಪಟ್ಟಿಯಲ್ಲಿ ಮೊದಲ ಹೆಸರು ಬಸವೇಶ್ವರನಗರದ ಸೀನ ಅನ್ನುವವನದು, ಎರಡು ನಿಮಿಷ ಹದಿನಾಲ್ಕು ಸೆಕೆಂಡು. ನನ್ನದು ಎರಡು ನಿಮಿಷ ಹನ್ನೊಂದು. ಅಂಜಿನಯ್ಯನವರು ನನ್ನ ಕುರ್ಚಿಯ ಹಿಂದೆಯೇ ನಿಂತು ನೋಡಿ ಸಹಿ ಹಾಕಿದರು.

ಚೀಟಿ ಹಿಡಿದು ನಾನೇ ‘ಚಕ್ರ’ಕ್ಕೆ ಹೋದೆ. ಪುರುಷೋತ್ತಮ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಯಾರು ಓಡ್ಸಿದ್ದು?”

“ನಾನೇ ಸಾರ್.”

“ಮನೇಲಿ ತಮ್ಮ ಗಿಮ್ಮ ಇದಾನಾ?”

“ಇಲ್ಲ ಸಾರ್. ಇಲ್ಲೇ ಕೂರ್ಸಿ, ಈಗ್ಲೇ ಓಡ್ಸಿ ತೋರಿಸ್ತೀನಿ.”

“ನೋಡಮ್ಮ, ಬಂದೋರ್ನೆಲ್ಲ ಕೂರ್ಸಿ ನೋಡ್ತಾ ಹೋದ್ರೆ ಕ್ಯೂ ನವರಂಗ್ ಸರ್ಕಲ್ ದಾಟುತ್ತೆ. ನೀನು ಆಡೋದನ್ನ ರೆಕಾರ್ಡ್ ಮಾಡಿ ಸಿ.ಡಿ. ತಂದ್ಕೊಡು. ಸೆಪ್ಟೆಂಬರ್ ಮೂವತ್ತರೊಳಗೆ. ಕ್ಯಾಮೆರಾದಲ್ಲಿ ಪರದೆ ಶೂಟ್ ಮಾಡಿದ್ದೆಲ್ಲ ಬೇಡ, ಅದ್ರಲ್ಲಿ ಬರೀ ಕಪ್ಪು ಪಟ್ಟೆ ಓಡಾಡುತ್ತೆ.”

ಆಡುತ್ತಿರುವಾಗಲೇ ಪರದೆಯ ಮೇಲಿನದನ್ನೆಲ್ಲ ವಿಡಿಯೊ ಮಾಡಿಕೊಳ್ಳುವ ಸಾಫ್ಟ್‌ವೇರ್ ಇದೆ ಮಾವ. ತಂದು ಹಾಕಿದೆ. ಅದನ್ನು ಶುರು ಮಾಡಿದ ಕೂಡಲೇ ನನ್ನ ಕಾರಿಗೆ ಬಿಕ್ಕಳಿಕೆ ಹಿಡಿಯಿತು. ಒಂದು ಕ್ಷಣ ನಿಂತುಬಿಡುತ್ತದೆ, ಮರುಕ್ಷಣ ನಾಲ್ಕು ಮಾರು ಮುಂದಿರುತ್ತದೆ. ನಾನು ತಿರುಗಿಸುವಷ್ಟರಲ್ಲಿ ತಿರುವೇ ಹಿಂದೆ ಹೋಗಿರುತ್ತದೆ. “ಸ್ಟ್ರಕ್ ಆಗ್ತಾ ಇದೆ ಕಣಮ್ಮ, ಸ್ಟ್ರಕ್ ಆಗ್ತಾ ಇದೆ” ಅಂತ ಅಂಜಿನಯ್ಯನವರು ಕೂಗುವುದು, ನಾನು ಪ್ರಪಾತಕ್ಕೆ ಬೀಳುವುದು. ಒಂದು ವಾರ ಇದೇ ಆಯಿತು.

ನೀವು ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಎಡಿಟ್ ಮಾಡುತ್ತೀರಲ್ಲ. ಇದು ಹೀಗೇಕೆ ಮಾಡುತ್ತದೆ? ಬಹುಮಾನ ಯಾರಿಗಾದರೂ ಹೋಗಲಿ, ಆ ಪಟ್ಟಿಯಲ್ಲಿ ಎರಡು ಹನ್ನೊಂದರ ಮುಂದೆ ನನ್ನ ಹೆಸರು ಬರಬೇಕು.

ನಿಮ್ಮ ತಂಗಿಯ ಮಗಳು,
ಭುವನಾ


ರಾಣೆಬೆನ್ನೂರು
19 ಆಗಸ್ಟ್ 2007

ಚಿ. ಭುವನಾಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಿಜವಾದ ಕಾರು ಅಂದುಕೊಂಡು ಪ್ರಪಾತದ ಹತ್ತಿರ ಬಂದಾಗ ಎದೆ ಧಸಕ್ ಅಂದಿತು. ನಿನ್ನ ಅತ್ತೆ ನೀರು ತಂದುಕೊಟ್ಟಳು.

ಒಂದು ಕಥೆ ಹೇಳುತ್ತೇನೆ, ಕೇಳು. ನಮ್ಮ ಲಕ್ಷ್ಮಿಯ ಮದುವೆಯಾದಾಗ ನೀನು ಸಣ್ಣವಳು. ಮಗಳ ಮದುವೆಯ ವಿಡಿಯೊ ಯಾರು ತೆಗೆಯಬೇಕು? ಊರಲ್ಲಿ ನನ್ನನ್ನು ಬಿಟ್ಟರೆ ಆಗ ಇದ್ದವನು ಚನ್ನವೀರಪ್ಪ ಒಬ್ಬನೇ. ಮಾಲೆ ಹಾಕುವ ಹೊತ್ತಿಗೆ ಬ್ಯಾಟರಿ ಮುಗಿಸಿಕೊಳ್ಳುವ ಮನುಷ್ಯ. ಅವನ ಕೈಗೆ ನನ್ನ ಮಗಳ ಮದುವೆ ಕೊಡಲೇ? ನಾನೇ ತೆಗೆಯುತ್ತೇನೆ ಅಂದೆ. ನಿನ್ನ ಅತ್ತೆ ಹಣೆ ಬಡಿದುಕೊಂಡಳು. “ಧಾರಿ ಎರಿಯಾವರು ಯಾರು, ಕ್ಯಾಮೆರಾ ಹಿಡಿಯಾವರು ಯಾರ್ರೀ?” ಅಂದಳು. “ಎರಡೂ ನಾನ ಮಾಡ್ತೇನಿ, ನೀ ಸುಮ್ಮನಿರು” ಅಂದೆ.

ಗಟ್ಟಿಮೇಳ ಶುರುವಾಯಿತು. ಸ್ವಾಮಿಗಳು ನೀರು ಬಿಡು ಅಂದರು. ತಂಬಿಗೆ ಹಿಡಿಯಲು ಎರಡೂ ಕೈ ಬೇಕಲ್ಲ, ಹೆಗಲ ಮೇಲಿನ ಕ್ಯಾಮೆರಾವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡೆ. ಆಫ್ ಮಾಡಲು ಮರೆತೆ. ಇವತ್ತಿಗೂ ಆ ಕ್ಯಾಸೆಟ್ ಹಾಕಿದರೆ ತಾಳಿ ಕಟ್ಟುವ ಹೊತ್ತಿಗೆ ಕಾಣುವುದು ಕಲ್ಯಾಣ ಮಂಟಪದ ಫ್ಯಾನು. ಎರಡು ನಿಮಿಷ ಬರೀ ಫ್ಯಾನು. ಧಾರೆಯ ನೀರೋ, ನನ್ನ ಕಣ್ಣು ಕ್ಯಾಮೆರಾದ ಮೇಲಿದ್ದುದರಿಂದ ಅಳಿಯನ ಹೊಸ ಅಂಗಿಯ ಮೇಲೆ.

ನಿನ್ನ ಕಂಪ್ಯೂಟರಿನ ಪ್ರೊಸೆಸರ್ ಪಾಡು ಇದೇ ಆಗಿದೆ. ಕಾರನ್ನೂ ಅದೇ ಓಡಿಸಬೇಕು, ವಿಡಿಯೊವನ್ನೂ ಅದೇ ತೆಗೆಯಬೇಕು. ಆಟ ಬರೆದವನಿಗೆ ಬೇಕಾದಷ್ಟು ಶಕ್ತಿ ಅದರಲ್ಲಿದೆ, ಮೇಲೆ ಇನ್ನೊಂದು ಹೊರೆ ಹೊರುವಷ್ಟು ಇಲ್ಲ. ಹೀಗೆ ಮಾಡು. ರೆಕಾರ್ಡಿಂಗ್ ಶುರು ಮಾಡಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡು. ಪ್ರೊಸೆಸರ್ ನೂರಕ್ಕೆ ನೂರು ತೋರಿಸುತ್ತಿದ್ದರೆ ನಾನು ಹೇಳಿದ್ದು ಖರೆ. ಹಿಂದೆ ಕೂತು ತಿನ್ನುತ್ತಿರುವ ಬೇರೆ ಪ್ರೋಗ್ರಾಂಗಳನ್ನೆಲ್ಲ ಮುಚ್ಚು. ವಿಡಿಯೊವನ್ನು ತೆಗೆಯುತ್ತಲೇ ಹಿಂಡಿ ಸಣ್ಣದು ಮಾಡು ಅಂತ ಹೇಳಿದ್ದರೆ, ಅದನ್ನು ಬಿಡಿಸು. ಹಿಂಡುವುದೇ ದೊಡ್ಡ ಕೆಲಸ, ಅದನ್ನು ಆಮೇಲೆ ಪುರುಸೊತ್ತಾಗಿ ಮಾಡಿದರಾಯಿತು. ಆಟ ಇರುವ ಹಾರ್ಡ್ ಡಿಸ್ಕಿನಲ್ಲೇ ವಿಡಿಯೊ ಬರೆಸಬೇಡ, ಎರಡನೆಯದೊಂದು ಸಿಕ್ಕರೆ ಅದಕ್ಕೆ ಬರೆಸು.

ಆಗದಿದ್ದರೆ ತಿಳಿಸು. ಎದೆಗುಂದಬೇಡ ಅಂತ ಬರೆಯಲು ಹೊರಟಿದ್ದೆ, ನಿನಗೆ ಅದರ ಅವಶ್ಯಕತೆ ಕಾಣಲಿಲ್ಲ.

ಇಂತಿ ನಿನ್ನ ಮಾವ,
ಕರಿಬಸಪ್ಪ


ಮೂಡಲಪಾಳ್ಯ
2 ಸೆಪ್ಟೆಂಬರ್ 2007

ಮಾವ,

ನೂರಕ್ಕೆ ನೂರು. ಟಾಸ್ಕ್ ಮ್ಯಾನೇಜರಿನ ಹಸಿರು ಗೆರೆ ಮಾಳಿಗೆಗೆ ಹೋಗಿ ಅಂಟಿಕೊಂಡಂತೆ ಅಂಟಿಕೊಂಡಿತ್ತು.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಚಾಟ್ ಮಾಡುವುದು, ವೈರಸ್ ಹುಡುಕುವುದು, ಗಿರಾಕಿ ಎಷ್ಟು ಹೊತ್ತು ಕೂತ ಅಂತ ಎಣಿಸುವ ನಮ್ಮ ಸೈಬರಿನ ಪ್ರೋಗ್ರಾಮು, ಮೂರನ್ನೂ ಮುಚ್ಚಿದೆ. ಕೊನೆಯದನ್ನು ಮುಚ್ಚುವಾಗ ಅಂಜಿನಯ್ಯನವರ ಮುಖ ನೋಡಬೇಕಿತ್ತು. “ಅದನ್ನ ಮುಚ್ಚಿದ್ರೆ ನಮ್ಮ ಅಂಗಡಿಗೇ ಕಣ್ಣಿಲ್ಲದಂಗೆ ಕಣಮ್ಮ” ಅಂದರು, ಆದರೆ ಮುಚ್ಚಲು ಬಿಟ್ಟರು. ನಾಲ್ಕನೇ ನಂಬರಿನ ಹಾರ್ಡ್ ಡಿಸ್ಕ್ ಬಿಚ್ಚಿ ಆರನೆಯದಕ್ಕೆ ಜೋಡಿಸಿಕೊಟ್ಟರು. ಹಿಂಡುವುದನ್ನೂ ಬಿಡಿಸಿದೆ. ಗೆರೆ ತೊಂಬತ್ತೆರಡಕ್ಕೆ ಇಳಿಯಿತು. ನೇರ ರಸ್ತೆಯಲ್ಲಿ ಬಿಕ್ಕಳಿಕೆ ಹೋಯಿತು. ತಿರುವು ಬಂದ ಕೂಡಲೇ, ಬಂಡೆ ಮರ ಧೂಳು ಎಲ್ಲ ಒಟ್ಟಿಗೆ ತೋರಿಸಬೇಕಲ್ಲ, ಮತ್ತೆ ನೂರು.

ವಿಡಿಯೊದ ಅಳತೆಯನ್ನು ಅರ್ಧ ಮಾಡಿದೆ. ಆಗ ಕಾರು ಸರಾಗವಾಗಿ ಓಡಿತು, ಆದರೆ ಮೂಲೆಯಲ್ಲಿ ಸಮಯ ತೋರಿಸುವ ಅಂಕಿ ಇರುವೆ ಸಾಲಿನಂತೆ ಕಂಡಿತು. ಅದು ಓದಲು ಬಾರದಿದ್ದರೆ ಸಿ.ಡಿ. ಯಾಕೆ?

ಪೂರ್ತಿ ಅಳತೆಗೇ ಇಟ್ಟು ಬಿಕ್ಕಳಿಕೆಯ ಜೊತೆಗೇ ಓಡಿಸಿದೆ. ನಲವತ್ತು ಸಲ ಓಡಿಸಿದ ಮೇಲೆ ಒಂದು ಸಲ ಬೀಳದೆ ಮುಟ್ಟಿದೆ. ಎರಡು ನಿಮಿಷ ಹತ್ತೊಂಬತ್ತು. ರೆಕಾರ್ಡಿಂಗ್ ಹಾಕಿದ್ದಕ್ಕೆ ಹೀಗೆ ಸ್ಟ್ರಕ್ ಆಗುತ್ತಿದೆ, ಚಿತ್ರದಲ್ಲೇ ಕಾಣುತ್ತದೆ ನೋಡಿ ಅಂತ ಚೀಟಿ ಬರೆದಿಟ್ಟು ಆ ಸಿ.ಡಿ.ಯನ್ನೇ ಕೊಟ್ಟು ಬಂದೆ. ಕಂಪ್ಯೂಟರ್ ಬಲ್ಲವರಿಗೆ ಅರ್ಥವಾಗದೆ ಇರುತ್ತದೆಯೇ?

ಭುವನಾ


ಚಕ್ರ ಗೇಮ್ ಸೆಂಟರ್, ರಾಜಾಜಿನಗರ
8 ಸೆಪ್ಟೆಂಬರ್ 2007

ಕು. ಭುವನೇಶ್ವರಿ ಅವರಿಗೆ,

ನಿಮ್ಮ ಸಿ.ಡಿ. ನೋಡಿದೆವು. ಅದರಲ್ಲಿ ಕಾಣುವ ಸಮಯ ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು. ಅಂದರೆ ನಿಮ್ಮ ಚೀಟಿಯಲ್ಲಿದ್ದ ಎರಡು ಹನ್ನೊಂದು ಸುಳ್ಳು ಎಂದು ನೀವೇ ತೋರಿಸಿಕೊಟ್ಟಂತಾಯಿತು. ಕಂಪ್ಯೂಟರ್ ಸರಿಯಿಲ್ಲ ಎಂಬುದು ಸೋತವರೆಲ್ಲ ಹೇಳುವ ಮಾತು.

ಬೇಸರ ಮಾಡಿಕೊಳ್ಳಬೇಡಿ. ನವೆಂಬರ್ ನಾಲ್ಕರಂದು ಅತಿಥಿಗಳಿಗೆ ಹೂಗುಚ್ಛ ಕೊಡಲು ಹೆಣ್ಣುಮಕ್ಕಳು ಬೇಕಾಗಿದ್ದಾರೆ. ಸೀರೆ ಉಟ್ಟು ಬಂದರೆ ಸಂತೋಷ.

ತಮ್ಮ ವಿಶ್ವಾಸಿ,
ಪುರುಷೋತ್ತಮ

(ಮಾವ, ಇದನ್ನು ಇದ್ದ ಹಾಗೇ ನಿಮಗೆ ಕಳಿಸುತ್ತಿದ್ದೇನೆ. ನನ್ನ ಕೈಲಿದ್ದರೆ ಹರಿದುಹಾಕಿಬಿಡುತ್ತೇನೆ. ಇನ್ನೂ ಇಪ್ಪತ್ತು ದಿನ ಇದೆ. ಬೇರೆ ದಾರಿ ಹೇಳಿ. ಭು.)


ರಾಣೆಬೆನ್ನೂರು
13 ಸೆಪ್ಟೆಂಬರ್ 2007

ಭುವನಾ,

ಹೂಗುಚ್ಛದ ಸಾಲು ಓದಿ ನಿನ್ನ ಅತ್ತೆ ಆ ಪುಣ್ಯಾತ್ಮನಿಗೆ ಇಟ್ಟ ಹೆಸರುಗಳನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಲಕ್ಷ್ಮಿಯ ಮದುವೆಯ ದಿನ ನಾನು ಮಾಡಬೇಕಾಗಿದ್ದದ್ದು ಏನು? ಧಾರೆ ನಾನು ಎರೆದು, ಕ್ಯಾಮೆರಾ ಚನ್ನವೀರಪ್ಪನಿಗೆ ಕೊಡಬೇಕಾಗಿತ್ತು. ಎಂಥವನೇ ಆಗಲಿ, ಎರಡನೆಯವನು. ನಿನ್ನ ಕಂಪ್ಯೂಟರಿಗೂ ಒಬ್ಬ ಚನ್ನವೀರಪ್ಪ ಬೇಕು.

ಆರನೇ ನಂಬರಿನ ಹಿಂದೆ, ಪರದೆಯ ವೈರು ಸಿಕ್ಕಿಸುವ ಜಾಗದ ಪಕ್ಕದಲ್ಲಿ, ದುಂಡಗೆ ಕರಿಯದೊಂದು ಸಣ್ಣ ತೂತು ಇದೆಯಾ ನೋಡು. ಆಟಕ್ಕೆಂದು ಹಾಕುವ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು ಟಿವಿಗೆ ಚಿತ್ರ ಕಳಿಸುವ ತೂತು. ಅಲ್ಲಿಂದ ಒಂದು ವೈರು ಎಳೆದು ವಿಸಿಆರಿಗೆ ಕೊಡು, ವಿಸಿಆರಿನಿಂದ ಟಿವಿಗೆ ಕೊಡು. ಕ್ಯಾಸೆಟ್ ಹಾಕಿ ಕೆಂಪು ಗುಂಡಿ ಒತ್ತು. ಚಿತ್ರ ಹೇಗೂ ಹೊರಗೆ ಹೋಗುತ್ತಿರುತ್ತದೆ, ಅದನ್ನು ಹಿಡಿದುಕೊಳ್ಳುವ ಚಾಕರಿ ವಿಸಿಆರಿನದು. ಪ್ರೊಸೆಸರಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಅಂತಲೂ ಗೊತ್ತಾಗುವುದಿಲ್ಲ.

ಚಿತ್ರ ಕಪ್ಪು-ಬಿಳುಪು ಬಂದರೆ ಸೆಟ್ಟಿಂಗಿನಲ್ಲಿ ನಮ್ಮ ದೇಶದ ಟಿವಿ ಪದ್ಧತಿ ಆರಿಸು. ಆಟದ ಪರದೆಯ ಅಳತೆ ಎಲ್ಲಕ್ಕಿಂತ ಸಣ್ಣದಕ್ಕೆ ಇಡು, ಆಗ ಟಿವಿಯಲ್ಲಿ ಅಂಕಿ ದಪ್ಪಗೆ ಕಾಣುತ್ತದೆ.

ನನ್ನ ಹಳೇ ವಿಸಿಆರನ್ನು ವೈರಿನ ಸಮೇತ ಕೌದಿಯಲ್ಲಿ ಸುತ್ತಿ ಬುಧವಾರದ ಬೆಂಗಳೂರು ಬಸ್ಸಿಗೆ ಹಾಕಿಸುತ್ತೇನೆ. ಕಂಡಕ್ಟರ್ ಸೋಮಲಿಂಗಪ್ಪ ನಮ್ಮ ಪರಿಚಯದವನೇ, ಮೆಜೆಸ್ಟಿಕ್ಕಿನಲ್ಲಿ ಇಳಿಸಿಕೊಡುತ್ತಾನೆ. ಕ್ಯಾಸೆಟ್ ತುಂಬಿದ ಮೇಲೆ ಅವನ ಕೈಯಲ್ಲೇ ಕಳಿಸು. ಸಿ.ಡಿ. ನಾನು ಮಾಡುತ್ತೇನೆ.

ಮಾವ


ಮೂಡಲಪಾಳ್ಯ
22 ಸೆಪ್ಟೆಂಬರ್ 2007

ಮಾವ, ಮಾವ, ಮಾವ,

ಎರಡು ಹನ್ನೊಂದು! ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ಹದಿನೇಳು ತಿರುವಿನಲ್ಲಿ ಒಂದು ಕಡೆಯೂ ಬಿಕ್ಕಲಿಲ್ಲ. ಕ್ಯಾಸೆಟ್ ಹಿಂದಕ್ಕೆ ಓಡಿಸಿ ಹಾಕಿ ನೋಡಿದೆವು, ಅಂಕಿ ಬಸ್ಸಿನ ಬೋರ್ಡಿನಂತೆ ಕಾಣುತ್ತದೆ.

ಜಾಗ ಸಾಲದೆ ಅಂಜಿನಯ್ಯನವರು ಟಿವಿಯನ್ನು ಬಾಗಿಲಿನ ಹತ್ತಿರ ಸ್ಟೂಲಿನ ಮೇಲೆ ಇಟ್ಟಿದ್ದರು. ನಾನು ಒಳಗೆ ಪರದೆ ನೋಡಿಕೊಂಡು ಓಡಿಸುತ್ತಿದ್ದೆ, ನನಗೆ ಗೊತ್ತೇ ಇರಲಿಲ್ಲ, ಮುಗಿಸಿ ತಿರುಗಿ ನೋಡಿದರೆ ಫುಟ್‌ಪಾತಿನಲ್ಲಿ ಜನ. ಎಳನೀರಿನವನು, ಇಸ್ತ್ರಿ ಅಂಗಡಿಯವರು, ಶಾಲೆಯಿಂದ ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರು. ಅವ್ವ ರೊಟ್ಟಿ ಬುಟ್ಟಿ ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು.

“ಹಿಂಗ ಓಡಸ್ತಿ ಅಂದ್ರ ನಿನ್ನ ಗಾಡ್ಯಾಗ ನಾ ಅಂತೂ ಕುಂದ್ರಂಗಿಲ್ಲ” ಅಂದಳು. ಆದರೆ ಬುಟ್ಟಿ ಇಳಿಸಿ ಇನ್ನೊಂದು ಸಲ ನೋಡಿ ಹೋದಳು.

ಸೋಮಲಿಂಗಪ್ಪನವರ ಕೈಯಲ್ಲಿ ಕ್ಯಾಸೆಟ್ ಕೊಟ್ಟಿದ್ದೇನೆ. ಜೋಪಾನ.

ಭುವನಾ


ರಾಣೆಬೆನ್ನೂರು
26 ಸೆಪ್ಟೆಂಬರ್ 2007

ಭುವನಾ,

ದಿನ ಉಳಿಯಲಿ ಅಂತ ಸಿ.ಡಿ.ಯನ್ನು ಕೊರಿಯರಿನಲ್ಲಿ ಸೀದಾ ರಾಜಾಜಿನಗರಕ್ಕೇ ಕಳಿಸಿದ್ದೇನೆ. ಎರಡು ದಿನ ಕೂತು ಮಾಡಿದ್ದೇನೆ. ನೋಡಿದವರು ಬಾಯಿ ಮುಚ್ಚಬಾರದು, ಹಾಗೆ ಮಾಡಿದ್ದೇನೆ.

ಮಾವ


ಮೂಡಲಪಾಳ್ಯ
1 ಅಕ್ಟೋಬರ್ 2007

ಮಾವನವರಿಗೆ,

ಬಾಯಿ ಮುಚ್ಚಲಿಲ್ಲ ಯಾರೂ.

ನಿನ್ನೆ ನಾನೇ ‘ಚಕ್ರ’ಕ್ಕೆ ಹೋಗಿದ್ದೆ. ನನ್ನ ಕಣ್ಣೆದುರೇ ಹಾಕಲಿ ಅಂತ. ಪುರುಷೋತ್ತಮ ದೊಡ್ಡ ಪರದೆಗೆ ಹಾಕಿದರು. ಇಪ್ಪತ್ತೈದು ಮೂವತ್ತು ಹುಡುಗರಿದ್ದರು.

ಮೊದಲು ‘ಶ್ರೀ ಬಸವೇಶ್ವರ ಪ್ರಸನ್ನ’ ಅಂತ ಬಂತು. ತಾವರೆ ಅರಳಿತು. ಆಮೇಲೆ ‘ಕು. ಭುವನೇಶ್ವರಿಯ ಕಾರು ಚಾಲನೆ’ ಅಂತ ಅಕ್ಷರಗಳು ತಿರುಗಿಕೊಂಡು ಬಂದವು. ಹೃದಯದ ಆಕಾರದ ಕಟ್ಟಿನೊಳಗೆ ನನ್ನ ಫೋಟೊ, ಏಳನೇ ಕ್ಲಾಸಿನಲ್ಲಿ ಲಂಗ ಹಾಕಿಕೊಂಡು ತೆಗೆಸಿದ್ದು. ನಾದಸ್ವರ. ಪ್ರತಿ ತಿರುವಿಗೂ ಪುಟ ಮಗುಚುತ್ತಿತ್ತು, ಗುಲಾಬಿ ಸುರಿಯುತ್ತಿತ್ತು. ಐದರಿಂದ ಒಂಬತ್ತರವರೆಗಿನ ತಿರುವುಗಳೇ ಇಲ್ಲ, ಗಡಿಯಾರದ ಅಂಕಿ ಅಲ್ಲಿ ಒಮ್ಮೆಲೇ ಜಿಗಿಯುತ್ತದೆ. ಕೊನೆಯ ಗೆರೆ ದಾಟುವಾಗ ಮದುಮಗಳು ಹೊಸ್ತಿಲು ದಾಟುವ ಹಾಗೆ ನಿಧಾನ, ನಿಧಾನ, ನಿಧಾನ.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಗಾ, ಊಟ ಎಲ್ಲಿ ಹಾಕ್ತಾರೆ ಕೇಳೋ” ಅಂದ ಒಬ್ಬ. ಪುರುಷೋತ್ತಮ ಕಣ್ಣೊರೆಸಿಕೊಂಡು, “ನೋಡಮ್ಮ, ಕತ್ತರಿ ಹಾಕಿರೋದನ್ನ ಯಾವ ಲೆಕ್ಕಕ್ಕೆ ತಗೊಳ್ಲಿ? ಮಧ್ಯದಲ್ಲಿ ಐದು ತಿರುವೇ ನುಂಗಿದೀಯ” ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೇ ನನಗೆ ಸಹಿಸಲು ಆಗುತ್ತಿಲ್ಲ.

ಐದು ತಿರುವು ಯಾಕೆ ತೆಗೆದಿರಿ ಮಾವ? ಯಾರು ಕೇಳಿದರು ನಿಮಗೆ ಗುಲಾಬಿ?

ಅಸಲು ಕ್ಯಾಸೆಟ್ಟನ್ನು ಇದ್ದ ಹಾಗೇ, ಮುಟ್ಟದೆ, ಕಳಿಸಿ. ಅದನ್ನೇ ತಗೊಂಡು ಹೋಗಿ ಅವರ ಮುಂದೆ ಇಡುತ್ತೇನೆ.

ಭುವನೇಶ್ವರಿ


ಮೂಡಲಪಾಳ್ಯ
9 ಅಕ್ಟೋಬರ್ 2007

ಕಾರ್ಡು ತಲುಪಿದ ಕೂಡಲೇ ಕ್ಯಾಸೆಟ್ ಕಳಿಸಿ. ಸೋಮಲಿಂಗಪ್ಪನವರನ್ನು ಮೂರು ಸಲ ಕೇಳಿ ಬಂದೆ.

ಭು.


ರಾಣೆಬೆನ್ನೂರು
14 ಅಕ್ಟೋಬರ್ 2007

ಭುವನಾ,

ಕ್ಯಾಸೆಟ್ ಇಲ್ಲ.

ಈ ಎರಡು ಪದ ಬರೆಯಲು ನನಗೆ ಹತ್ತು ದಿನ ಹಿಡಿಯಿತು. ಸಿ.ಡಿ. ಕಳಿಸಿದ ಮರುದಿನವೇ ಅದರ ಮೇಲೆ ಹಿರೇಕೆರೂರಿನವರ ಸೊಸೆಯ ಕುಬಸದ ಕಾರ್ಯ ತೆಗೆದುಬಿಟ್ಟೆ. ಕೆಲಸ ಮುಗಿದ ಕ್ಯಾಸೆಟ್ಟಿನ ಮೇಲೆ ಮುಂದಿನ ಕಾರ್ಯ ತೆಗೆಯುವುದು ನಮ್ಮ ಕಸುಬಿನವರ ರೂಢಿ. ಈಗ ಅದರಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ಹಸಿರು ಸೀರೆ ಉಟ್ಟು ಕೂತಿದ್ದಾಳೆ. ಕೆಳಗೆ ನಿನ್ನ ಗುಡ್ಡದ ರಸ್ತೆಯ ಒಂದು ಎಳೆಯೂ ಉಳಿದಿಲ್ಲ. ನಾಲ್ಕು ಸಲ ಹಾಕಿ ನೋಡಿದೆ.

ಐದು ತಿರುವು ಯಾಕೆ ತೆಗೆದೆ ಅಂದರೆ, ಒಂದೇ ಥರದ ರಸ್ತೆ, ನೋಡುವವರಿಗೆ ಬೇಸರವಾದೀತು ಅಂತ. ಮದುವೆಯಲ್ಲೂ ಹಾಗೇ ತೆಗೆಯುತ್ತೇವೆ, ಊಟದ ಪಂಕ್ತಿ ಎಷ್ಟು ಅಂತ ತೋರಿಸುವುದು. ಇಪ್ಪತ್ತು ವರ್ಷದಲ್ಲಿ ಅಲಂಕಾರ ಹೆಚ್ಚಾಯಿತು ಅಂತ ಯಾರೂ ಕ್ಯಾಸೆಟ್ ವಾಪಸ್ ತಂದವರಲ್ಲ.

ಇದು ನೆಪ. ಖರೆ ಬೇರೆ ಇದೆ, ಅದನ್ನೂ ಬರೆದುಬಿಡುತ್ತೇನೆ. ನೀನು ಕಳಿಸಿದ್ದನ್ನು ಮೊದಲ ಸಲ ಹಾಕಿದಾಗ, ಇಷ್ಟೇಯಾ ಅನ್ನಿಸಿತು. ಒಂದು ಕಾರು ಹೋಗುತ್ತದೆ, ಮುಟ್ಟುತ್ತದೆ. ಇದನ್ನು ಹೀಗೇ ತೋರಿಸಿದರೆ ನಮ್ಮ ಹುಡುಗಿಯನ್ನು ಯಾರು ಲೆಕ್ಕಕ್ಕಿಡುತ್ತಾರೆ, ನಾಲ್ಕು ಹೂವಾದರೂ ಹಾಕೋಣ ಅಂದುಕೊಂಡೆ. ಪುರುಷೋತ್ತಮ ನಿನ್ನನ್ನು ನಂಬಲಿಲ್ಲ ಅಂತ ಸಿಟ್ಟು ಮಾಡಿದವನು ನಾನು. ನಾನಾದರೂ ನಂಬಿದ್ದರೆ ಅದಕ್ಕೆ ಕೈ ಹಚ್ಚುತ್ತಿರಲಿಲ್ಲ.

ವಿಸಿಆರ್ ನಿನ್ನ ಹತ್ತಿರವೇ ಇರಲಿ. ಇನ್ನು ಮೇಲೆ ಕ್ಯಾಸೆಟ್ಟನ್ನು ಯಾರ ಕೈಗೂ ಕೊಡಬೇಡ. ನನ್ನ ಕೈಗಂತೂ ಬೇಡವೇ ಬೇಡ.

ಕರಿಬಸಪ್ಪ


ಮೂಡಲಪಾಳ್ಯ
18 ಅಕ್ಟೋಬರ್ 2007

ಶ್ರೀ ಪುರುಷೋತ್ತಮ ಅವರಿಗೆ,

ನನ್ನ ಅಸಲು ಕ್ಯಾಸೆಟ್ ಕಳೆದುಹೋಗಿದೆ. ಇನ್ನೊಂದು ಮಾಡಬಲ್ಲೆ, ಮಾಡುವುದಿಲ್ಲ. ಕಾರಣ ಕೇಳಿ.

ನಿಮ್ಮ ಪಟ್ಟಿಯ ಮೊದಲನೆಯವರಾದ ಸೀನ ಅವರು ಮೊನ್ನೆ ನಮ್ಮ ಸೈಬರಿಗೆ ಬಂದಿದ್ದರು. ಅವತ್ತು ನಕ್ಕವರಲ್ಲಿ ಅವರೂ ಇದ್ದರು, ಬಂದು ಮೊದಲು ಅದನ್ನೇ ಹೇಳಿದರು. ಆಮೇಲೆ ಹೇಳಿದ್ದು ಇದು: “ಮೇಡಂ, ನನ್ನ ಹತ್ರ ಅವ್ರು ಯಾವ ಸಿ.ಡಿ.ನೂ ಕೇಳ್ಲಿಲ್ಲ. ಬರೀ ಚೀಟಿ ಕೊಟ್ಟೆ, ಗೋಡೆ ಮೇಲೆ ಬರೆದ್ರು.” ಉಳಿದ ಹದಿನೈದು ಜನರಲ್ಲಿ ಒಂಬತ್ತು ಜನರನ್ನು ಹುಡುಕಿ ಕೇಳಿದೆ. ಯಾರನ್ನೂ ನೀವು ಕೇಳಿಲ್ಲ. ಸಾಕ್ಷಿಯ ನಿಯಮ ನನಗೊಬ್ಬಳಿಗೆ ಮಾಡಿದ್ದು. ಎರಡು ತಿಂಗಳು ನಾನು ಅದನ್ನು ಪಂದ್ಯದ ನಿಯಮ ಅಂದುಕೊಂಡು ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತಿದ್ದೆ.

ಅಕ್ಟೋಬರ್ 28, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಸೈಬರಿನಲ್ಲಿ ಗುಡ್ಡದ ರಸ್ತೆ ಓಡಿಸುತ್ತೇವೆ. ಟಿವಿ ಬೀದಿಯ ಕಡೆಗೆ ತಿರುಗಿರುತ್ತದೆ. ನಿಮ್ಮ ಹದಿನಾರು ಜನರಲ್ಲಿ ಯಾರು ಬೇಕಾದರೂ ಬರಬಹುದು. ಒಂದೇ ಕಂಪ್ಯೂಟರ್, ಒಂದೇ ರಸ್ತೆ, ಒಬ್ಬೊಬ್ಬರಿಗೆ ಒಂದೇ ಸಲ. ನೀವೂ ಬನ್ನಿ. ಸೀರೆ ಉಡಬೇಕಾಗಿಲ್ಲ.

ಭುವನೇಶ್ವರಿ


ಮೂಡಲಪಾಳ್ಯ
5 ನವೆಂಬರ್ 2007

ಮಾವ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನನಗೂ ದಿನ ಹಿಡಿಯಿತು. ಸಿಟ್ಟು ಇಳಿದಿದೆ ಅಂತ ಬರೆಯುವುದಿಲ್ಲ. ಅವ್ವ ಹೇಳುತ್ತಾಳೆ, ನಿಮ್ಮ ಸಿಟ್ಟೇ ನನಗೆ ಬಂದಿರುವುದಂತೆ. ಹಾಗಾದರೆ ಅದು ಎಷ್ಟು ದಿನ ಇರುತ್ತದೆ ಅಂತ ನಿಮಗೇ ಗೊತ್ತಿರಬೇಕು.

ಮೊನ್ನೆ 28ರಂದು ಏಳು ಜನ ಬಂದರು. ಗೋವಿಂದರಾಜನಗರದಿಂದ ಇಬ್ಬರು, ಕೆಂಗೇರಿಯಿಂದ ಬಸ್ಸಿನಲ್ಲಿ ಒಬ್ಬ, ಸೀನ, ಮಿಕ್ಕವರು ವಿಜಯನಗರದ ಕಡೆಯವರು. ಬೀದಿ ತುಂಬಿತ್ತು. ಮೇಲಿನ ಮನೆಯ ಆಂಟಿ ಕುರ್ಚಿ ತಂದು ಹಾಕಿಕೊಂಡರು. ಟಿವಿಯಲ್ಲಿ ಕಾರು ಬಂಡೆಗೆ ತಾಗಿದಾಗಲೆಲ್ಲ ಇಡೀ ಬೀದಿ “ಅಯ್ಯಯ್ಯೋ” ಅನ್ನುತ್ತಿತ್ತು. ಪುರುಷೋತ್ತಮ ಹನ್ನೊಂದರ ಹೊತ್ತಿಗೆ ಬಂದು ಇಸ್ತ್ರಿ ಅಂಗಡಿಯ ಪಕ್ಕ ನಿಂತರು. ಅಂಜಿನಯ್ಯನವರು ಅವರಿಗೂ ಒಂದು ಲೋಟ ಕಾಫಿ ಕಳಿಸಿದರು.

ಸೀನ ಎರಡು ಹನ್ನೆರಡಕ್ಕೆ ಮುಗಿಸಿದ. ಕೊನೆಯದು ನನ್ನ ಸರದಿ. ಹದಿಮೂರನೇ ತಿರುವಿನಲ್ಲಿ ಒಂದು ಕೂದಲೆಳೆ ಅಗಲ ಹೋದೆ, ಅಷ್ಟೇ. ಎರಡು ನಿಮಿಷ ಹದಿಮೂರು. ಸೋತೆ ಮಾವ.

ಸೀನ ಕೈ ಕೊಟ್ಟ. “ಹದಿಮೂರ್ನೇದು ಸ್ವಲ್ಪ ಬೇಗ ತಿರುಗಿಸ್ಬಿಟ್ರಿ ಮೇಡಂ” ಅಂದ. ಹೌದು ಅಂದೆ. ಯಾರೂ ನಗಲಿಲ್ಲ. ಒಂದು ಮಾತು ನನಗೆ ಮನೆಗೆ ಹೋಗುವಾಗ ಹೊಳೆಯಿತು. ನಾನು ಗೆದ್ದದ್ದಕ್ಕೆ ಎರಡು ತಿಂಗಳು ಸಾಕ್ಷಿ ಕೇಳಿದರು. ಸೋತದ್ದಕ್ಕೆ ಒಬ್ಬರೂ ಕೇಳಲಿಲ್ಲ.

ಜನ ಚದುರಿದ ಮೇಲೆ ಪುರುಷೋತ್ತಮ ಒಳಗೆ ಬಂದರು.

“ಸರಿ ಕಣಮ್ಮ, ಒಪ್ಕೊಂಡೆ. ಕಣ್ಣಾರೆ ನೋಡಿದೀನಿ. ಎರಡು ಹದಿಮೂರು ಅಂತ ಪಟ್ಟಿಗೆ ಹಾಕ್ಕೋತೀನಿ. ಸೀನಂದು ಬಿಟ್ರೆ ನಿಂದೇ.”

“ಹಾಕೋದಾದ್ರೆ ಎರಡು ಹನ್ನೊಂದು ಹಾಕಿ ಸಾರ್. ಆಗಸ್ಟಲ್ಲಿ ಅಂಜಿನಯ್ಯನೋರು ಸಹಿ ಹಾಕಿದ್ದು.”

“ಅದನ್ನ ನಾನು ನೋಡಿಲ್ವಲ್ಲ.”

“ಸೀನ ಅವ್ರ ಹದಿನಾಲ್ಕು ನೀವು ನೋಡಿದ್ರಾ?”

ಅವರು ಅಂಜಿನಯ್ಯನವರ ಕಡೆ ತಿರುಗಿದರು. “ಏನ್ ಸಾರ್ ಇದು, ನೀವಾದ್ರೂ ಹೇಳಿ.”

“ನಾನೇನ್ ಹೇಳ್ಲಿ? ನಾನು ಹೇಳೋದನ್ನ ಆಗಸ್ಟಲ್ಲೇ ಸಹಿ ಮಾಡಿ ಹೇಳಿದೀನಲ್ಲ” ಅಂದರು ಅಂಜಿನಯ್ಯನವರು, ಲೋಟ ಎತ್ತಿಕೊಳ್ಳುತ್ತಾ.

“ಹಠ ಮಾಡ್ಬೇಡಮ್ಮ. ಜಾಗ ಸಿಗ್ತಾ ಇದೆ, ತಗೋ.”

“ಜಾಗ ನೀವೇ ಇಟ್ಕೊಳಿ ಸಾರ್. ನನ್ನ ಎರಡು ಸೆಕೆಂಡು ನಾನು ಬಿಟ್ಕೊಡಲ್ಲ.”

ಆ ರಾತ್ರಿ ಊಟಕ್ಕೆ ಬಡಿಸುವಾಗ ಅವ್ವ, “ಎರಡು ಸೆಕೆಂಡು ಅಂದ್ರ ಎಷ್ಟು ಹೊತ್ತು?” ಅಂತ ಕೇಳಿದಳು. ತೋರಿಸಿದೆ. ಒಂದು, ಎರಡು. “ಇಷ್ಟಕ್ಕಽ?” ಅಂದಳು. ಇಷ್ಟಕ್ಕೇ ಅಂದೆ. ಇನ್ನೊಂದು ರೊಟ್ಟಿ ಹಾಕಿದಳು.

ನಿನ್ನೆ ಅಲ್ಲಿ ಪಂದ್ಯ ನಡೆಯಿತು. ಸೀನ ಗೆದ್ದನಂತೆ. ಇಲ್ಲಿ ನನಗೆ ಎಂದಿನ ಹಾಗೆ ಕೆಲಸ. ಎರಡು ಗಂಟೆಗೆ ಗಿರಾಕಿ ಖಾಲಿಯಾದರು. ಅಂಜಿನಯ್ಯನವರು ಬಾಳೆಹಣ್ಣು ತರಲು ಹೋದರು. ಆರನೇ ನಂಬರಿನಲ್ಲಿ ಕೂತೆ. ವಿಸಿಆರಿನ ವೈರು ಸಿಕ್ಕಿಸಲಿಲ್ಲ, ಟಿವಿ ಹಾಕಲಿಲ್ಲ. ಹದಿಮೂರನೇ ತಿರುವನ್ನು ಎಷ್ಟು ತಡವಾಗಿ ತಿರುಗಿಸಿದೆ ಅಂದರೆ ಚಕ್ರದ ಕೆಳಗೆ ರಸ್ತೆ ಇತ್ತೋ ಇಲ್ಲವೋ ನನಗೇ ಗೊತ್ತಿಲ್ಲ.

ಎರಡು ನಿಮಿಷ ಒಂಬತ್ತು ಸೆಕೆಂಡು.

ಅಂಕಿ ಪರದೆಯ ಮೇಲೆ ಕೂತಿತ್ತು. ಪ್ರಿಂಟರ್ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಹೆಸರು ಬರೆಯಿರಿ ಅಂತ ಆಟ ಕೇಳಿತು. ಬರೆಯದೆ ಮುಚ್ಚಿದೆ. ಅಂಜಿನಯ್ಯನವರು ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಒಬ್ಬ ಗಿರಾಕಿ ಕೂತು ರೈಲಿನ ಟಿಕೆಟ್ ನೋಡುತ್ತಿದ್ದ.

ನಿಮಗೊಬ್ಬರಿಗೆ ಹೇಳುತ್ತಿದ್ದೇನೆ. ಸಿ.ಡಿ. ಇಲ್ಲ, ಸಹಿ ಇಲ್ಲ, ನೋಡಿದವರು ಯಾರೂ ಇಲ್ಲ. ನಂಬಿದರೆ ನಂಬಿ ಮಾವ, ಬಿಟ್ಟರೆ ಬಿಡಿ. ಓಡಿಸಿದವಳು ನಾನು.

ಭುವನೇಶ್ವರಿ